ಬಾಗಳಿ ಸೀಮೆಯ ಸೈಕಲ್ ದಾರಿಗಳು

ರಸ್ತೆ ಸೈಕ್ಲಿಂಗ್ ಅಂದರೆ ಡಾಂಬರು ದಾರಿಯ ಮೇಲೆ ಒಂದೇ ದಿನದಲ್ಲಿ ಐವತ್ತು, ಎಂಬತ್ತು, ನೂರು ಕಿಲೋಮೀಟರ್ ತುಳಿಯುವ ಸವಾರಿ. ಪೈಪೋಟಿಗೆ ಓಡಿಸುವವರು ಬೇರೆ. ಹೆಚ್ಚಿನವರು ಓಡಿಸುವುದು ದಾರಿಯ ಸುಖಕ್ಕಾಗಿ. ಅಂಥವರಿಗೆ ಬೇಕಾದದ್ದು ದೊಡ್ಡದೇನಲ್ಲ: ಲಾರಿ ಕಡಿಮೆ ಇರಬೇಕು, ದಾರಿ ಗುಡ್ಡದ ಸೆರಗು ಹಿಡಿದು ಸ್ವಲ್ಪ ಏರಿ ಸ್ವಲ್ಪ ಇಳಿಯಬೇಕು, ಬಾಟಲಿ ಬರಿದಾಗುವ ಹೊತ್ತಿಗೆ ಒಂದು ಊರು ಸಿಗಬೇಕು, ಊರಲ್ಲೊಂದು ಚಹಾದಂಗಡಿ ತೆರೆದಿರಬೇಕು. ಕರ್ನಾಟಕದಲ್ಲಿ ಸೈಕಲ್ ಹವ್ಯಾಸ ಅಂದ ಕೂಡಲೇ ನಂದಿಬೆಟ್ಟದ ಏರು, ಹದಿನಾಲ್ಕು ತಿರುವಿನ ಆಗುಂಬೆ, ಮೈಸೂರು ದಾಟಿ ನೀಲಗಿರಿಗೆ ಹೋಗುವ ದಾರಿ ಕಣ್ಣ ಮುಂದೆ ಬರುತ್ತವೆ. ತುಂಗಭದ್ರೆಯ ಬಲದಂಡೆಯಲ್ಲಿ ಹರಡಿಕೊಂಡ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ. ಬರದೇ ಇರುವುದು ದಾರಿಗಳ ಕೊರತೆಯಿಂದಲ್ಲ.

ಈ ಐದು ತಾಲ್ಲೂಕುಗಳು ಈಗ ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲೆ ಆದದ್ದು 2021ರಲ್ಲಿ. ಹರಪನಹಳ್ಳಿಯದು ಇನ್ನೂ ಸುತ್ತುಬಳಸಿನ ಕಥೆ: ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, ಮೂರು ವರ್ಷದಲ್ಲಿ ವಿಜಯನಗರಕ್ಕೆ ಸೇರಿತು. ಆ ಊರಿನಿಂದ ಉತ್ತರಕ್ಕೆ ಏಳೆಂಟು ಕಿಲೋಮೀಟರ್ ಹೋದರೆ ಬಾಗಳಿ. ಹಳೆಯ ಶಾಸನಗಳ ಬಲ್ಗುಳಿ. ಹತ್ತನೆಯ ಶತಮಾನದ ನಡುವೆ ರಾಷ್ಟ್ರಕೂಟರ ಕಾಲದಲ್ಲಿ ಶುರುವಾಗಿ, ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪನ ಆಳ್ವಿಕೆಯಲ್ಲಿ, ಸುಮಾರು 987ರ ಹೊತ್ತಿಗೆ ದುಗ್ಗಿಮಯ್ಯನೆಂಬವನ ಕೈಯಲ್ಲಿ ರೂಪ ಪಡೆದ ಕಲ್ಲೇಶ್ವರ ದೇವಸ್ಥಾನ ಇಲ್ಲಿದೆ. ಅದರ ಸಭಾಮಂಟಪಕ್ಕೆ ಐವತ್ತು ಕಂಬ. ಸೈಕಲ್ ಸವಾರಿಗೆ ಹೊಸಬರಾದವರು ಮೊದಲ ದಿನ ಹರಪನಹಳ್ಳಿಯಿಂದ ಬಾಗಳಿಗೆ ಹೋಗಿ ಬಂದರೆ ಸಾಕು. ಹೋಗಿ ಬರುವುದು ಹದಿನೈದು ಕಿಲೋಮೀಟರಿನ ಆಸುಪಾಸು, ನಡುವೆ ದಣಿವಾರಿಸಿಕೊಳ್ಳಲು ಸಾವಿರ ವರ್ಷದ ನೆರಳು.

ಇಲ್ಲಿನ ನೆಲವನ್ನು ಸ್ವಲ್ಪ ತಿಳಿದುಕೊಂಡರೆ ದಾರಿ ಆರಿಸುವುದು ಸುಲಭ. ಐದೂ ತಾಲ್ಲೂಕುಗಳ ನೀರು ಕೊನೆಗೆ ಹೋಗಿ ಸೇರುವುದು ಬಹುಮಟ್ಟಿಗೆ ಪಡುವಣ, ಬಡಗಣ ಅಂಚಿನ ತುಂಗಭದ್ರೆಗೆ. ಜಗಳೂರು ಕಡೆಯಿಂದ ಬರುವ ಚಿಕ್ಕಹಗರಿ ಕೊಟ್ಟೂರು ಸೀಮೆ ದಾಟಿ, ಹಗರಿಬೊಮ್ಮನಹಳ್ಳಿಗೆ ತನ್ನ ಹೆಸರು ಕೊಟ್ಟು, ಮಾಲವಿ ಜಲಾಶಯದಲ್ಲಿ ತಂಗಿ, ಮುಂದೆ ತುಂಗಭದ್ರೆಯ ಹಿನ್ನೀರು ಸೇರುತ್ತದೆ. ಜಲಾಶಯ ತುಂಬಿದಾಗ ಆ ಹಿನ್ನೀರಿನ ಮಟ್ಟ ಸಮುದ್ರದಿಂದ 1633 ಅಡಿ, ಅಂದರೆ 498 ಮೀಟರಿನ ಹತ್ತಿರ. ಹರಪನಹಳ್ಳಿ, ಕೂಡ್ಲಿಗಿಗಳ ಬಯಲು ಅದಕ್ಕಿಂತ ನೂರು ಮೀಟರಿಗೂ ಸ್ವಲ್ಪ ಮೇಲಿದೆ. ಅಷ್ಟು ಎತ್ತರದ ವ್ಯತ್ಯಾಸ ನಲವತ್ತು ಐವತ್ತು ಕಿಲೋಮೀಟರಿಗೆ ಹರಡಿಕೊಂಡಿರುವುದರಿಂದ ನೆಲದ ವಾಲು ಕಣ್ಣಿಗೆ ಕಾಣುವುದೇ ಇಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತದೆ. ಈ ಬಯಲಿನ ಮೇಲೆ ಅಲ್ಲಲ್ಲಿ ಗುಡ್ಡಗಳು ಎದ್ದು ನಿಂತಿವೆ. ಕೂಡ್ಲಿಗಿ, ಗುಡೇಕೋಟೆ, ಜರಿಮಲೆ ಕಡೆಯವು ಹಂಪೆಯ ಹಾಗೆ ಕಲ್ಲುಗುಂಡು ಪೇರಿಸಿದ ಬೋಳು ಗುಡ್ಡಗಳು. ಸಂಡೂರಿನ ದಿಕ್ಕಿನವು ಕಬ್ಬಿಣದ ಅದಿರಿನ ಉದ್ದನೆಯ ಸಾಲು. ಹರಪನಹಳ್ಳಿಯ ಕಡೆಯವು ಹುಲ್ಲು ಕುರುಚಲು ಹೊದ್ದ ದುಂಡು ಬೆನ್ನಿನವು.

ಮಜಾ ಏನೆಂದರೆ, ಈ ಗುಡ್ಡಗಳನ್ನು ರಸ್ತೆಗಳು ಹತ್ತುವುದಿಲ್ಲ. ಡಾಂಬರು ಬರುವ ಮುಂಚೆ ಇವೆಲ್ಲ ಬಂಡಿ ದಾರಿಗಳು. ಹೇರು ಬಂಡಿಯ ಎತ್ತಿಗೆ ಏರು ಆಗದು. ಹಾಗಾಗಿ ದಾರಿ ಗುಡ್ಡದ ಬುಡ ಬಳಸಿ, ಎರಡು ಗುಡ್ಡದ ನಡುವಿನ ಕಣಿವೆ ನುಸುಳಿ, ಕೆರೆ ಇದ್ದಲ್ಲಿ ಏರಿಯ ಮೇಲೆ ಹಾಯ್ದು ಹೋಯಿತು. ಆಮೇಲೆ ಬಂದ ಎಂಜಿನಿಯರುಗಳ ಲೆಕ್ಕವೂ ಅದನ್ನೇ ಒಪ್ಪಿತು. ಇಂಡಿಯನ್ ರೋಡ್ ಕಾಂಗ್ರೆಸ್ಸಿನ ನಿಯಮದಂತೆ ಬಯಲು ಮತ್ತು ಉಬ್ಬುತಗ್ಗಿನ ನೆಲದಲ್ಲಿ ರಸ್ತೆಯ ಸಾಮಾನ್ಯ ಏರು ಮೂವತ್ತಕ್ಕೆ ಒಂದು: ಮೂವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ, ಶೇಕಡ 3.3. ಅನಿವಾರ್ಯವಾದ ಕಡೆ ಇಪ್ಪತ್ತಕ್ಕೆ ಒಂದು. ಎತ್ತು ಮತ್ತು ಎಂಜಿನಿಯರ್ ಇಬ್ಬರೂ ಸೇರಿ ಸೈಕಲ್ಲಿನವರಿಗೆ ಉಪಕಾರ ಮಾಡಿದ್ದಾರೆ ಅನ್ನಬೇಕು.

ದಾರಿಗಳಲ್ಲಿ ಯಾವುದು ಬೇಕು, ಯಾವುದು ಬೇಡ? ಮೊದಲು ಬೇಡದವು. ಹೊಸಪೇಟೆಯಿಂದ ಕೂಡ್ಲಿಗಿ ಮೇಲೆ ಚಿತ್ರದುರ್ಗಕ್ಕೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ನಾಲ್ಕು ಪಥದ್ದು. ಬದಿಯಲ್ಲಿ ಜಾಗವಿದ್ದರೂ ಹಗಲು ರಾತ್ರಿ ಲಾರಿ. ಸಂಡೂರು ಕಡೆಯ ಅದಿರಿನ ದಾರಿಗಳಲ್ಲಿ ಟಿಪ್ಪರುಗಳು ಎಬ್ಬಿಸುವ ಕೆಂಧೂಳು ಮೂಗಿಗೂ ಚೈನಿಗೂ ಒಂದೇ ಸಮ ಕೂರುತ್ತದೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹರಿಹರದ ಮೇಲೆ ಶಿವಮೊಗ್ಗಕ್ಕೆ ಸಾಗುವ ರಾಜ್ಯ ಹೆದ್ದಾರಿಯನ್ನು ಪೂರ್ತಿ ಬಿಡಲು ಆಗುವುದಿಲ್ಲ, ಆದರೆ ಅಲ್ಲಿ ಇರುವಷ್ಟು ಹೊತ್ತು ಎಡ ಅಂಚು ಬಿಡಬಾರದು.

ಬೇಕಾದವು ಅದರ ಆಚೆ ಈಚೆ ಕವಲೊಡೆಯುವ ಜಿಲ್ಲಾ ರಸ್ತೆಗಳು ಮತ್ತು ಹಳ್ಳಿ ರಸ್ತೆಗಳು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರಿನಲ್ಲಿ. ಅದರಡಿ ಮತ್ತು ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ಯಡಿ ಜಲ್ಲಿ ಮಣ್ಣಿನ ದಾರಿಗಳು ಎಷ್ಟೋ ಡಾಂಬರು ಕಂಡವು. ಇವುಗಳ ಅಗಲ ಸಾಮಾನ್ಯವಾಗಿ 3.75 ಮೀಟರ್, ಕೆಲವೆಡೆ ಮೂರೇ ಮೀಟರ್. ಎದುರು ಬಸ್ಸು ಬಂದರೆ ಸೈಕಲ್ ಮಣ್ಣಿಗಿಳಿಯಬೇಕು. ಆದರೆ ಬಸ್ಸು ಬರುವುದು ದಿನಕ್ಕೆ ನಾಲ್ಕು ಸಲ, ಅದೂ ಅರ್ಧ ಕಿಲೋಮೀಟರ್ ಮುಂಚೆ ಹಾರ್ನ್ ಮಾಡಿಕೊಂಡು. ಕರ್ನಾಟಕದಲ್ಲಿ ನಿಶ್ಶಬ್ದವಾದ ಡಾಂಬರು ಎಂದೇನಾದರೂ ಉಳಿದಿದ್ದರೆ ಅದು ಇಂಥ ಮೂರು ಮುಕ್ಕಾಲು ಮೀಟರಿನ ದಾರಿಗಳಲ್ಲೇ ಉಳಿದಿದೆ.

ಏರು ಹೀಗೆ ಸೌಮ್ಯ ಅಂದಮೇಲೆ ಈ ಸೀಮೆಯಲ್ಲಿ ಸವಾರನನ್ನು ದಣಿಸುವುದು ಯಾವುದು? ಗಾಳಿ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ಗುಡ್ಡದ ನೆತ್ತಿಗಳಲ್ಲಿ ಗಾಳಿಯಂತ್ರಗಳ ಸಾಲು ಸುಮ್ಮನೆ ನಿಂತಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಡುವಣದಿಂದ, ನೈಋತ್ಯದಿಂದ ಬೀಸುವ ಮಳೆಗಾಲದ ಗಾಳಿ ಪಶ್ಚಿಮ ಘಟ್ಟದಲ್ಲಿ ನೀರು ಇಳಿಸಿ, ಹಗುರವಾಗಿ, ಒಣಗಿ, ಜೋರಾಗಿ ಈ ಬಯಲಿಗೆ ಬರುತ್ತದೆ. ಮಳೆ ಕಡಿಮೆ, ಗಾಳಿ ಹೆಚ್ಚು: ರೈತನಿಗೆ ನಷ್ಟ, ವಿದ್ಯುತ್ ಕಂಪನಿಗೆ ಲಾಭ.

ಸೈಕಲ್ ಲೆಕ್ಕ ಸರಳ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಅಷ್ಟೇ ವೇಗದ ಎದುರುಗಾಳಿ ಬೀಸಿದರೆ ಎದೆಗೆ ಬಡಿಯುವ ಗಾಳಿಯ ವೇಗ 40. ವೇಗ ಇಮ್ಮಡಿ, ತಡೆ ನಾಲ್ಕು ಮಡಿ. ನೆಟ್ಟಗೆ ಕೂತು ತುಳಿಯುವ, ಸೈಕಲ್ ಸಮೇತ 85 ಕಿಲೋ ತೂಗುವ ಸವಾರನಿಗೆ ಈ ಹೆಚ್ಚಿನ ತಡೆಯನ್ನು ಏರಿಗೆ ಪರಿವರ್ತಿಸಿ ನೋಡಿದರೆ ಅದು ಶೇಕಡ ಮೂರು ಚಿಲ್ಲರೆ ಬರುತ್ತದೆ. ಅಂದರೆ ಎಂಜಿನಿಯರುಗಳು ಹೇಳುವ ಮೂವತ್ತಕ್ಕೊಂದರ ಏರೇ! ನಿಜವಾದ ಏರಿಗೆ ತುದಿ ಇರುತ್ತದೆ, ಆಚೆ ಇಳಿಜಾರಿನಲ್ಲಿ ಬಡ್ಡಿ ಸಮೇತ ವಾಪಸು ಸಿಗುತ್ತದೆ. ಗಾಳಿಯ ಏರಿಗೆ ತುದಿಯಿಲ್ಲ. ಹಡಗಲಿಯಿಂದ ಮೈಲಾರದ ಕಡೆಗೆ ಜುಲೈ ಮಧ್ಯಾಹ್ನ ಹೊರಟವನು ಸಪಾಟು ದಾರಿಯಲ್ಲೇ ಗಂಟೆಗಟ್ಟಲೆ ಗುಡ್ಡ ಹತ್ತುತ್ತಾನೆ.

ಇದಕ್ಕೆ ಪರಿಹಾರವೂ ಕಣ್ಣೆದುರೇ ಇದೆ. ಗಾಳಿಯಂತ್ರದ ರೆಕ್ಕೆಗಳು ಯಾವಾಗಲೂ ಗಾಳಿ ಬರುವ ದಿಕ್ಕಿಗೆ ಮುಖ ಮಾಡುತ್ತವೆ. ಕಂಬದ ತುದಿಯ ಪೆಟ್ಟಿಗೆಯನ್ನು ತಿರುಗಿಸುವ ಯಂತ್ರವೇ ಅದರೊಳಗಿದೆ. ಹೊರಡುವ ಮುಂಚೆ ಗುಡ್ಡದ ಕಡೆ ಒಮ್ಮೆ ನೋಡಬೇಕು. ರೆಕ್ಕೆಯ ಮುಖ ಎತ್ತ ಇದೆಯೋ ಅತ್ತ ಮೊದಲು ಹೋಗಬೇಕು. ಕಾಲಿನಲ್ಲಿ ಹೊಸ ಕಸುವಿರುವಾಗ ಎದುರುಗಾಳಿ ಮುಗಿಸಿ, ದಣಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಬರಬೇಕು. ಮಳೆಗಾಲದಲ್ಲಿ ಹರಪನಹಳ್ಳಿ, ಕೊಟ್ಟೂರಿನವರಿಗೆ ಇದರಲ್ಲೊಂದು ಅನುಕೂಲ. ಅವರು ಪಡುವಣಕ್ಕೆ, ನದಿಯ ಕಡೆಗೆ ಹೊರಟರೆ ಗಾಳಿ ಎದುರು, ಆದರೆ ನೆಲ ಇಳಿಜಾರು. ಮರಳುವಾಗ ನೆಲ ಏರು, ಗಾಳಿ ಬೆನ್ನಿಗೆ. ನದಿ ದಂಡೆಯ ಹಡಗಲಿಯವರು ಮೂಡಣಕ್ಕೆ ಹೊರಟರೆ ಹೋಗುವಾಗ ಹಬ್ಬ. ಬರುವಾಗಿನ ಮಾತು ಅವರನ್ನೇ ಕೇಳಬೇಕು.

ಇನ್ನೊಂದು ಉಪಾಯ ಬೇಗ ಏಳುವುದು. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯ ಪದರವೂ ತಣ್ಣಗಾಗಿ, ಭಾರವಾಗಿ, ಅಲ್ಲಾಡದೆ ಕೂರುತ್ತದೆ. ಮೇಲಿನ ಪದರದಲ್ಲಿ ಬೀಸುವ ಗಾಳಿ ಕೆಳಗೆ ಇಳಿಯುವುದಿಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಎರಡೂ ಕಲಸಿಕೊಂಡು ಒಂಬತ್ತು ಹತ್ತರ ಹೊತ್ತಿಗೆ ಗಾಳಿ ಎದ್ದುಬಿಡುತ್ತದೆ. ಬೆಳಗಿನ ಆರರಿಂದ ಒಂಬತ್ತು, ಇದೇ ಈ ಸೀಮೆಯ ಸೈಕಲ್ ಹೊತ್ತು. ತಿಂಗಳುಗಳಲ್ಲಿ ಅಕ್ಟೋಬರಿನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಕಡೆ ಮಧ್ಯಾಹ್ನ ಸೈಕಲ್ ಹೊಡೆಯುವುದು ಹಟವೇ ಹೊರತು ಹವ್ಯಾಸವಲ್ಲ.

ಸುಗ್ಗಿ ಬಂದರೆ ರಸ್ತೆಯ ಸ್ವರೂಪವೇ ಬದಲು. ಹುರುಳಿ, ಸಜ್ಜೆ, ನವಣೆಯ ಬೆಳೆಯನ್ನು ರೈತರು ಡಾಂಬರಿನ ಮೇಲೆ ಮೊಳಕಾಲೆತ್ತರ ಹರವುತ್ತಾರೆ. ಹೋಗಿ ಬರುವ ಬಸ್ಸು, ಟ್ರ್ಯಾಕ್ಟರುಗಳ ಗಾಲಿಯೇ ರೋಣಗಲ್ಲು. ಒಂದು ಬದಿಗೆ ಹೆಣ್ಣುಮಕ್ಕಳು ಮೊರದಲ್ಲಿ ತೂರುತ್ತಿರುತ್ತಾರೆ; ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಇಲ್ಲಿ ಯಾರೂ ಅವಕಾಶವಾದಿಗಳ ಮೇಲೆ ಹೇಳುವುದಿಲ್ಲ, ಅದು ದಿನದ ಕೆಲಸ. ಬಸ್ಸಿಗೆ ಈ ಹರವು ಏನೂ ಅಲ್ಲ, ಸೈಕಲ್ಲಿಗೆ ಕಷ್ಟ. ಹುರುಳಿಯ ಬಳ್ಳಿ ಹಿಂಗಾಲಿಯ ಹಲ್ಲುಚಕ್ರಕ್ಕೆ ಸುತ್ತಿಕೊಂಡರೆ ಚೈನು ನಿಂತಲ್ಲೇ ನಿಲ್ಲುತ್ತದೆ, ಬಿಡಿಸಲು ಚಾಕು ಬೇಕು. ಕಾಳು ಉದುರಿದ ಜಾಗದಲ್ಲಿ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ನವೆಂಬರಿನಲ್ಲಿ ಮೆಕ್ಕೆಜೋಳದ ಸರದಿ. ಅರ್ಧ ರಸ್ತೆ ಹಳದಿ, ಸುತ್ತ ಗಡಿಕಲ್ಲಿನಂತೆ ಜೋಡಿಸಿದ ಕಲ್ಲುಗುಂಡು. ಇಳಿದು ಸೈಕಲ್ ತಳ್ಳಿಕೊಂಡು ಹೋಗುವುದೇ ಮರ್ಯಾದೆ, ಕ್ಷೇಮವೂ ಹೌದು. ರಾತ್ರಿ ಆ ಕಲ್ಲುಗಳನ್ನು ತೆಗೆಯದೆ ಬಿಡುವುದು ಮಾತ್ರ ತಪ್ಪು. ಬೈಕಿನವರು ಬೀಳುವುದು ಅವುಗಳಿಂದಲೇ.

ಕಾಳಿಗಿಂತ ಹೆಚ್ಚಾಗಿ ಕಾಡುವುದು ಮುಳ್ಳು. ಇಡೀ ಕರ್ನಾಟಕ ಬಳ್ಳಾರಿ ಜಾಲಿ ಎಂದು ಕರೆಯುವ ಗಿಡ ಈ ಸೀಮೆಯ ರಸ್ತೆಯಂಚಿನಲ್ಲಿ ತುಂಬಿಕೊಂಡಿದೆ. ಹೆಸರು ನಮ್ಮದಾದರೂ ಗಿಡ ಅಮೆರಿಕ ಖಂಡದಿಂದ ಬಂದದ್ದು. ಸೌದೆಗೆ ಕಡಿದ ಕೊಂಬೆ ಸಾಗಿಸುವಾಗ ಉದುರಿದ ಮುಳ್ಳು ಬಿಸಿಲಿಗೆ ಒಣಗಿ ಮೊಳೆಯಾಗುತ್ತದೆ. ನೆಲಕ್ಕೆ ಹಬ್ಬುವ ನೆಗ್ಗಿಲು ಇನ್ನೂ ಕಪಟಿ. ಹಳದಿ ಹೂವಿನ ಆ ಬಳ್ಳಿಯ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಬಸ್ಸಿಗೆ ದಾರಿ ಬಿಡಲು ಮಣ್ಣಿಗಿಳಿದಾಗಲೇ ಅದು ಸಿಗುವುದು. ಆದ್ದರಿಂದ ಮಣ್ಣಿಗಿಳಿದು ಮತ್ತೆ ಡಾಂಬರು ಹತ್ತಿದ ಮೇಲೆ ಟೈರನ್ನು ಒಮ್ಮೆ ತಿರುಗಿಸಿ ನೋಡುವ ಅಭ್ಯಾಸ ಒಳ್ಳೆಯದು. ಮುಳ್ಳು ಟೈರಿನಲ್ಲಿ ಚುಚ್ಚಿಕೊಂಡರೂ ಟ್ಯೂಬಿಗೆ ಇಳಿಯಲು ನಾಲ್ಕಾರು ಸುತ್ತು ಬೇಕು. ಎರಡು ಟ್ಯೂಬು, ಕೈಪಂಪು, ಅಂಟುಪಟ್ಟಿ, ಟೈರು ಬಿಚ್ಚುವ ಪಟ್ಟಿಗಳು ಜೊತೆಗಿರಬೇಕು. ಇಲ್ಲದಿದ್ದರೂ ದೊಡ್ಡ ಊರುಗಳ ಬಸ್ ಸ್ಟ್ಯಾಂಡ್ ಹತ್ತಿರ ಪಂಚರ್ ಅಂಗಡಿ ಸಿಗುತ್ತದೆ. ಟ್ಯೂಬಿಗೆ ಗಾಳಿ ತುಂಬಿ ಬುಟ್ಟಿಯ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗಕ್ಕೆ ಕಡ್ಡಿಯಲ್ಲಿ ಗುರುತು ಹಾಕುವ ಹಳೆಯ ವಿದ್ಯೆ ಹೊಸ ಸೈಕಲ್ಲಿಗೂ ನಡೆಯುತ್ತದೆ. ಸಣ್ಣ ಮೂತಿಯ ಫ್ರೆಂಚ್ ವಾಲ್ವಿಗೆ ಅಂಗಡಿಯ ಪಂಪು ಕೂರುವುದಿಲ್ಲ. ಅದಕ್ಕೆ ಹಾಕುವ ಹಿತ್ತಾಳೆ ತಿರುಪು ಅಡಾಪ್ಟರ್ ಒಂದನ್ನು ಜೇಬಿನಲ್ಲಿಟ್ಟುಕೊಂಡವನು ಜಾಣ.

ಸೈಕಲ್ ಯಾವುದಿರಬೇಕು? ಮಾರುಕಟ್ಟೆಯಲ್ಲಿ ಬೆಲೆಗೆ ಮಿತಿಯಿಲ್ಲ, ಈ ದಾರಿಗಳಿಗೆ ಅಷ್ಟು ಬೇಕಾಗಿಯೂ ಇಲ್ಲ. ಹಳೆಯ ಕಪ್ಪು ಬಾರ್ ಸೈಕಲ್ಲಿನಲ್ಲಿ ಮುಂದೆ 44ರ ಆಸುಪಾಸು ಹಲ್ಲು, ಹಿಂದೆ 18: ಪೆಡಲ್ ಒಂದು ಸುತ್ತು ತಿರುಗಿದರೆ ಐದು ಮೀಟರಿಗೂ ಹೆಚ್ಚು ಮುಂದೆ. ಸಪಾಟಿಗೆ ಸರಿ, ಎದುರುಗಾಳಿಗೂ ಏರಿಗೂ ಇದು ಭಾರ. ಗೇರ್ ಸೈಕಲ್ಲಿನಲ್ಲಿ ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲಿಗೆ ಚೈನು ಬಿದ್ದರೆ ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ. ಮಗು ಕೂಡ ಏರಿಸಬಹುದು. ಟೈರು ಮಾತ್ರ ಅಗಲದ್ದೇ ಇರಲಿ. ಹಳ್ಳಿ ರಸ್ತೆಯ ಮೇಲುಹೊದಿಕೆ ದಪ್ಪ ಜಲ್ಲಿಯದು; 23 ಮಿಲಿಮೀಟರಿನ ರೇಸ್ ಟೈರಿಗೆ ಬಿಗಿಯಾಗಿ ಗಾಳಿ ಹೊಡೆದರೆ ಸಂಜೆಗೆ ಅಂಗೈ ಮರಗಟ್ಟುತ್ತದೆ. 32 ಅಥವಾ 35ರ ಟೈರು, ಗಾಳಿ ಸ್ವಲ್ಪ ಸಡಿಲ. ಹಿಂದೊಂದು ಕೆಂಪು ದೀಪ, ತಲೆಗೆ ಹೆಲ್ಮೆಟ್. ಬಣ್ಣದ ಹಂಪು ಎಲ್ಲ ಊರಲ್ಲೂ ಇರುವುದಿಲ್ಲ. ಬಣ್ಣವಿಲ್ಲದ ಹಂಪು ಮಾತ್ರ ಊರ ಮುಂದೆ ಇದ್ದೇ ಇರುತ್ತದೆ. ನಾಯಿ ಬೆನ್ನು ಹತ್ತಿದರೆ ಜೋರಾಗಿ ತುಳಿಯಬಾರದು. ಇಳಿದು ಸೈಕಲ್ಲನ್ನು ನಡುವೆ ಹಿಡಿದು ನಿಂತರೆ ಅದಕ್ಕೆ ಆಟ ಮುಗಿಯಿತು. ಕುರಿ ಹಿಂಡು ಎದುರಾದರೆ ಗಂಟೆ ಬಾರಿಸದೆ ನಿಲ್ಲಬೇಕು. ಬೆದರಿದ ಒಂದು ಕುರಿ ಹೊಲಕ್ಕೆ ನುಗ್ಗಿದರೆ ಇಡೀ ಹಿಂಡು ಅದರ ಹಿಂದೆ, ಕುರಿಗಾಹಿಯ ಬೈಗುಳ ಸವಾರನ ಹಿಂದೆ.

ಈ ದಾರಿಗಳಿಗೆ ಸೈಕಲ್ ಹೊಸದೇನಲ್ಲ ಎಂಬುದನ್ನು ಹೊರಗಿನಿಂದ ಬರುವವರು ಮರೆಯುತ್ತಾರೆ. ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿದವರು, ಹಡಗಲಿಯ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಮುಟ್ಟಿಸಿದವರು ಇಲ್ಲಿ ಎಷ್ಟೋ ವರ್ಷ ಸೈಕಲ್ ತುಳಿದಿದ್ದಾರೆ. ಆ ಮಲ್ಲಿಗೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬಾಡಿಗೆ ಸೈಕಲ್ ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ಸೈಕಲ್ ತಂದು ಒಳಪೆಡಲ್ ಕಲಿತವರು ಈಗ ಅಜ್ಜಂದಿರು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹೈಸ್ಕೂಲಿರುವ ಊರಿನ ದಾರಿಯಲ್ಲಿ ಜಡೆ ಹಾಕಿದ ಹುಡುಗಿಯರ ಸಾಲು ಬೆಳಿಗ್ಗೆ ಒಂಬತ್ತಕ್ಕೆ ಕಾಣುವಂತಾಯಿತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ರಾಜ್ಯದ ಸೈಕಲ್ ಪೈಪೋಟಿಗಾರರ ಕಣಜ ಇನ್ನೂ ಉತ್ತರಕ್ಕಿದೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ. ಅಲ್ಲಿನ ಕ್ರೀಡಾ ನಿಲಯಗಳಿಂದ, ಜಾತ್ರೆಯ ಸೈಕಲ್ ರೇಸುಗಳಿಂದ ಬಂದವರು ರಾಷ್ಟ್ರಮಟ್ಟದಲ್ಲಿ ಪದಕ ಗೆಲ್ಲುತ್ತಾ ಬಂದಿದ್ದಾರೆ. ಅಲ್ಲಿಯದೂ ಇಂಥದೇ ಬಯಲು, ಇಂಥದೇ ಗಾಳಿ. ಎದುರುಗಾಳಿ ಒಳ್ಳೆಯ ಗುರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ದಾರಿಗಳ ಮಾತು. ಹರಪನಹಳ್ಳಿಯನ್ನು ಠಿಕಾಣಿ ಮಾಡಿಕೊಂಡರೆ ಮೂರು ದಿಕ್ಕಿಗೆ ಮೂರು ಬೆಳಗು ಕಳೆಯಬಹುದು. ಬಾಗಳಿಯದು ಆಯಿತು. ನೈಋತ್ಯಕ್ಕೆ ಸುಮಾರು ಹನ್ನೆರಡು ಕಿಲೋಮೀಟರ್ ದೂರದ ನೀಲಗುಂದದಲ್ಲಿ ಕಲ್ಯಾಣ ಚಾಲುಕ್ಯರ ಭೀಮೇಶ್ವರ ದೇವಸ್ಥಾನವಿದೆ. ದಕ್ಷಿಣಕ್ಕೆ ಉಚ್ಚಂಗಿದುರ್ಗ, 28 ಕಿಲೋಮೀಟರಿನಷ್ಟು. ಅಲ್ಲಿ ಮಾತ್ರ ಗುಡ್ಡ ಗುಡ್ಡದ ಹಾಗೇ ಇದೆ. ಉಚ್ಚಂಗಿಯ ಪಾಂಡ್ಯರ ಕೋಟೆ, ಉಚ್ಚಂಗಮ್ಮನ ಗುಡಿ ಮೇಲೆ. ಸೈಕಲ್ಲನ್ನು ಬುಡದ ಊರಿನಲ್ಲಿ ಬಿಟ್ಟು ಹತ್ತಬೇಕು. ಹುಣ್ಣಿಮೆ ದಿನಗಳಲ್ಲಿ ಆ ದಾರಿ ಬೇಡ, ಭಕ್ತರ ವಾಹನಗಳು ತುಂಬಿರುತ್ತವೆ.

ಮೂಡಣಕ್ಕೆ ಕೊಟ್ಟೂರು. ಊರಿಗೆ ಊರೇ ಗುರು ಬಸವೇಶ್ವರನದು. ಫೆಬ್ರುವರಿಯ ಹೊತ್ತಿನ ರಥೋತ್ಸವಕ್ಕೆ ದಾವಣಗೆರೆ ಮುಂತಾದ ಕಡೆಗಳಿಂದ ಜನ ನಡೆದು ಬರುತ್ತಾರೆ. ಆ ವಾರ ರಾತ್ರಿಯಿಡೀ ರಸ್ತೆಯಂಚು ಪಾದಯಾತ್ರಿಗಳದು, ಸೈಕಲ್ಲಿನವರದಲ್ಲ. ಉಳಿದ ದಿನಗಳಲ್ಲಿ ಕೊಟ್ಟೂರಿಗೆ ಹೋಗುವ ಸವಾರರ ಗುಟ್ಟಿನ ಉದ್ದೇಶ ಮಿರ್ಚಿ ಮಂಡಕ್ಕಿ. ಉಪ್ಪು, ಎಣ್ಣೆ, ಹಿಟ್ಟು ಮೂರೂ ಸೇರಿದ ಈ ತಿಂಡಿ ಬೆವರಿ ಬಂದವನಿಗೆ ಯಾವ ಪುಡಿಪೊಟ್ಟಣದ ಶಕ್ತಿಪೇಯಕ್ಕಿಂತ ಕಡಿಮೆಯಿಲ್ಲ. ಆಮೇಲೆ ಕನಿಷ್ಠ ಅರ್ಧ ಗಂಟೆ ಪೆಡಲ್ ಮುಟ್ಟಬಾರದು ಅಷ್ಟೆ. ಕೊಟ್ಟೂರಿನಿಂದ ಉಜ್ಜಿನಿಯ ಕಡೆ ತಿರುಗಿದರೆ ದಾರಿ ಕಿರಿದಾಗಿ, ಹೊಲಗಳು ಹತ್ತಿರವಾಗುತ್ತವೆ. ಪಂಚಪೀಠಗಳಲ್ಲಿ ಒಂದಾದ ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುತ್ತಾರೆ. ಮೊದಲ ಎಣ್ಣೆ ಜರಿಮಲೆ ಪಾಳೆಯಗಾರರ ಮನೆತನದ್ದು. ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬುದು ಇಲ್ಲಿನ ಮಾತು. ಒಳಛಾವಣಿಯ ಕೆತ್ತನೆ ಕಂಡವರು ಒಪ್ಪುತ್ತಾರೆ.

ಪಡುವಣದ ದಾರಿ ನದಿಯದು. ಹಿರೇಹಡಗಲಿಯ ಕಲ್ಲೇಶ್ವರ, ಮೈಲಾರದ ಲಿಂಗಪ್ಪ, ಕುರುವತ್ತಿಯ ಮಲ್ಲಿಕಾರ್ಜುನ. ಎರೆಮಣ್ಣಿನ ಹೊಲಗಳ ನಡುವೆ ಹಾಸಿದಂಥ ರಸ್ತೆ, ಕಬ್ಬಿನ ಹಂಗಾಮಿನಲ್ಲಿ ಮಾತ್ರ ಹೊರೆ ಮೀರಿದ ಟ್ರ್ಯಾಕ್ಟರುಗಳ ಕಾಟ. ಮಳೆ ಬಂದಾಗ ಈ ರಸ್ತೆ ಬಿಟ್ಟು ಒಂದಡಿ ಕೆಳಗಿಳಿಯಬಾರದು. ಎರೆ ಗಾಲಿಗೆ ಮೆತ್ತಿ ಬ್ರೇಕಿನ ಸಂದಿಯಲ್ಲಿ ಗಟ್ಟಿಯಾಗಿ ಸೈಕಲ್ಲನ್ನು ಹೊತ್ತುಕೊಳ್ಳಬೇಕಾಗುತ್ತದೆ. ಭಾರತ ಹುಣ್ಣಿಮೆಯ ಆಸುಪಾಸು ಮೈಲಾರದಲ್ಲಿ ಕಾರಣಿಕ. ಗೊರವಯ್ಯ ಬಿಲ್ಲನ್ನೇರಿ ವರ್ಷದ ಭವಿಷ್ಯವನ್ನು ಒಂದು ಸಾಲಿನಲ್ಲಿ ನುಡಿಯುತ್ತಾನೆ. ಕುರುವತ್ತಿಯಲ್ಲಿ ನೋಡಬೇಕಾದದ್ದು ಹನ್ನೊಂದನೆಯ ಶತಮಾನದ ಕೊನೆಯ ಆ ಗುಡಿಯ ಮದನಿಕೆಯರನ್ನು. ಹೊಯ್ಸಳರ ಬೇಲೂರಿಗಿಂತ ಮುಂಚಿನವರು ಇವರು. ಮೈಯೆಲ್ಲ ಬಳ್ಳಿ ಸುತ್ತಿದ ತೋರಣದ ನಡುವೆ ನಿಂತ ಒಬ್ಬಳ ಸೊಂಟದ ಬಾಗಿಗೆ ಬೇಲೂರಿನವರೂ ಸಾಟಿಯಲ್ಲ ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿದೆ.

ಬಡಗಣಕ್ಕೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಸುಮಾರು 99 ಹೆಕ್ಟೇರಿನ ಈ ಕೆರೆಯಲ್ಲಿ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ, ಕೆಂಬರಲು ಮುಂತಾದವು ಗೂಡು ಕಟ್ಟುತ್ತವೆ. 2024ರ ಜನವರಿಯಲ್ಲಿ ಇದಕ್ಕೆ ರಾಮ್ಸರ್ ಜೌಗು ತಾಣದ ಮಾನ್ಯತೆ ಸಿಕ್ಕಿತು. ಹಕ್ಕಿ ನೋಡಲು ಸೈಕಲ್ಲಿನಷ್ಟು ಒಳ್ಳೆಯ ವಾಹನ ಬೇರೆಯಿಲ್ಲ: ಸದ್ದಿಲ್ಲ, ಬೇಕೆಂದಲ್ಲಿ ನಿಲ್ಲುತ್ತದೆ.

ಕೂಡ್ಲಿಗಿಯಿಂದ ಗುಡೇಕೋಟೆಯ ದಾರಿಗೆ ಮಾತ್ರ ಮೇಲೆ ಹೇಳಿದ ಬೆಳಗಿನ ನಿಯಮ ತಲೆಕೆಳಗು. ಕಲ್ಲುಗುಂಡಿನ ಗುಡ್ಡಗಳ ನಡುವೆ ಸಾಗುವ ಆ ದಾರಿ ಐದೂ ತಾಲ್ಲೂಕುಗಳಲ್ಲೇ ಚೆಂದದ್ದು. ಸೀತಾಫಲದ ಪೊದೆ, ಹುಣಸೆಮರ, ಬಂಡೆಯ ನೆರಳು. ಆದರೆ ಅದು ಕರಡಿಗಳ ಸೀಮೆ. 2013ರಲ್ಲಿ ಗುಡೇಕೋಟೆ ಕರಡಿ ಧಾಮವೆಂದು ಘೋಷಣೆಯಾಗಿ ಆಮೇಲೆ ವಿಸ್ತಾರಗೊಂಡಿತು. ಕರಡಿ ಹಗಲು ಗವಿಯಲ್ಲಿ ಮಲಗಿ ಸಂಜೆಗೆ ಗೆದ್ದಲು, ಹಣ್ಣು ಹುಡುಕಿಕೊಂಡು ಹೊರಡುತ್ತದೆ, ನಸುಕಿಗೆ ಮರಳುತ್ತದೆ. ಅದಕ್ಕೆ ಕಣ್ಣು ಮಂದ, ಸದ್ದಿಲ್ಲದ ಸೈಕಲ್ ಹತ್ತಿರ ಬಂದದ್ದು ತಿಳಿಯದೆ ಗಾಬರಿಯಾಗಿ ಮೇಲೆ ಬೀಳುತ್ತದೆ. ಹಾಗಾಗಿ ಅಲ್ಲಿ ಹೊತ್ತು ಚೆನ್ನಾಗಿ ಏರಿದ ಮೇಲೆ ಹೊರಡಬೇಕು, ಹೊತ್ತು ಇಳಿಯುವ ಮುಂಚೆ ಊರು ಸೇರಬೇಕು, ಒಬ್ಬರೇ ಹೋಗಬಾರದು, ತಿರುವಿನಲ್ಲಿ ಗಂಟೆ ಬಾರಿಸುತ್ತಿರಬೇಕು.

ಐದೂ ತಾಲ್ಲೂಕು ಕೇಂದ್ರಗಳನ್ನು ಮುಟ್ಟಿ ಒಂದು ಸುತ್ತು ಹಾಕಿದರೆ ನೂರೈವತ್ತು ಕಿಲೋಮೀಟರಿನ ಸುಮಾರು. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟದ ಪರಂಪರೆಯ, ಬ್ರೆವೆ ಎಂಬ ದೂರದ ಸವಾರಿಗಳಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಯ ಗಡುವು. ಪಳಗಿದವರಿಗೆ ಈ ಸುತ್ತು ಒಂದು ದಿನದ ಕೆಲಸ. ಉಳಿದವರು ನಡುವೆ ಕೊಟ್ಟೂರಿನಲ್ಲೋ ಹಡಗಲಿಯಲ್ಲೋ ರಾತ್ರಿ ತಂಗಿ ಎರಡು ದಿನ ಮಾಡಿಕೊಳ್ಳುವುದೇ ಸುಖ. ದೂರದಿಂದ ಬರುವವರಿಗೆ ಹೊಸಪೇಟೆ, ಕೊಟ್ಟೂರು, ಹರಪನಹಳ್ಳಿ, ಹರಿಹರಗಳನ್ನು ಜೋಡಿಸುವ ರೈಲು ಮಾರ್ಗವಿದೆ. ಗಂಟೆಗೆ ಮುಕ್ಕಾಲು ಲೀಟರ್ ನೀರಿನ ಲೆಕ್ಕ ಹಿಡಿದು ಎರಡು ಬಾಟಲಿ ಇಟ್ಟುಕೊಂಡರೆ ಸಾಕು. ಶೇಂಗಾ ಉಂಡೆ, ಬಾಳೆಹಣ್ಣು, ಉಪ್ಪು ಹಾಕಿದ ನಿಂಬೆ ಸೋಡಾ ದಾರಿಯ ಊರುಗಳಲ್ಲೇ ಸಿಗುತ್ತವೆ.

ಬಾಗಳಿಗೆ ಹೋದವರಿಗೆ ಒಂದು ಮಾತು. ರೇಸ್ ಮಾದರಿಯ ಸೈಕಲ್ಲಿಗೆ ಸ್ಟ್ಯಾಂಡ್ ಇರುವುದಿಲ್ಲ, ಎಲ್ಲಾದರೂ ಒರಗಿಸಲೇಬೇಕು. ಕಲ್ಲೇಶ್ವರನ ಕಂಬಗಳಿಗೆ ಒರಗಿಸಬೇಡಿ. ನುಣುಪು ಮೃದುಗಲ್ಲಿಗೆ ಪೆಡಲಿನ ಹಲ್ಲು ತಾಗಿದರೆ ಗೀರು ಉಳಿಯುತ್ತದೆ. ಹೊರಗೆ ಹುಲ್ಲಿನ ಮೇಲೆ ಮಲಗಿಸಿ, ಚೈನು ಇರುವ ಬಲಮಗ್ಗುಲು ಮೇಲಕ್ಕೆ ಬರುವ ಹಾಗೆ.